ಅಕ್ಕನ ಬೆನ್ನು, ರಬ್ಬರಿನ ರೇಸು ಕಾರು

ನನಗೊಂದು ಚಟವಿದೆ. ನಾಚಿಕೊಳ್ಳುವಂಥದ್ದಲ್ಲ, ಹೇಳಿಕೊಂಡು ತಿರುಗುವಂಥದ್ದೂ ಅಲ್ಲ. ಎಲ್ಲೇ ಆಗಲಿ ಗಾಡಿ ನಿಂತಿದ್ದರೆ ಸೊಂಟ ಬಗ್ಗಿಸಿ ಅದರ ಕೆಳಗೊಮ್ಮೆ ಇಣುಕದೆ ಮುಂದೆ ಹೋಗುವುದು ನನ್ನಿಂದಾಗದು. ಉಳಿದವರು ಗಾಡಿಯ ಬಣ್ಣ ನೋಡುತ್ತಾರೆ, ನಂಬರು ನೋಡುತ್ತಾರೆ, ಒಳಗೆ ಯಾರು ಕೂತಿದ್ದಾರೆ ಎಂದು ಕತ್ತು ಉದ್ದ ಮಾಡುತ್ತಾರೆ. ನಾನು ಚಕ್ರಕ್ಕೂ ಗಾಡಿಯ ಮೈಗೂ ನಡುವೆ ಏನಿದೆ ಎಂದು ನೋಡುತ್ತೇನೆ. ವಯಸ್ಸು ಐವತ್ತು ದಾಟಿದ ಮೇಲೆ ಬಗ್ಗುವುದು ಸುಲಭ, ಏಳುವುದು ಕಷ್ಟ. ಆದರೂ ಚಟ ಚಟವೇ.

ಹೋದ ವರ್ಷ ಚಿಟಗುಪ್ಪದಲ್ಲಿ ನನ್ನ ಹೆಂಡತಿ ಸುವರ್ಣಾಳ ಕಡೆಯವರದೊಂದು ಮದುವೆ. ಮದುಮಗನ ಮೆರವಣಿಗೆಗೆಂದು ಹೈದರಾಬಾದಿನಿಂದ ಉದ್ದ ಮೂತಿಯ ಹಳೇ ಕಾರೊಂದನ್ನು ಬಾಡಿಗೆಗೆ ತಂದು ಹೂವು ಸುತ್ತಿ ನಿಲ್ಲಿಸಿದ್ದರು. ನನ್ನ ಗತಿ ಏನಾಗಬೇಕು ನೀವೇ ಹೇಳಿ. ಹೊಸ ಇಸ್ತ್ರಿಯ ಬಟ್ಟೆಯಲ್ಲೇ ಮೊಣಕಾಲೂರಿ ಕೆಳಗೆ ತಲೆ ಹಾಕಿದೆ. ಮದುಮಗಳ ಕಡೆಯ ಹುಡುಗಿಯರು ಮದುಮಗನ ಬೂಟುಗಳನ್ನು ಕದ್ದು ಸರಿಯಾಗಿ ಅದೇ ಕಾರಿನ ಕೆಳಗೆ ಅಡಗಿಸಿಟ್ಟಿದ್ದು ನನಗೇನು ಗೊತ್ತು! "ಹಿಡೀರೇ, ಬೀಗರ ಕಡಿ ಮುದುಕ ಬೂಟ್ ಒಯ್ಯಾಕತ್ಯಾನ!" ಎಂದು ಹತ್ತಾರು ಬಳೆಯ ಕೈಗಳು ನನ್ನ ಅಂಗಿ ಹಿಡಿದು ಹೊರಗೆಳೆದವು. ಸುವರ್ಣಾ ದೂರದಿಂದ ನೋಡಿದಳು. ಸೆರಗನ್ನು ಮುಖದ ತನಕ ಎಳೆದುಕೊಂಡು, ಈ ಮನುಷ್ಯ ಯಾರೋ ನನಗೆ ಗೊತ್ತೇ ಇಲ್ಲ ಎನ್ನುವ ಹಾಗೆ ಊಟದ ಪಂಗತಿಯ ಕಡೆ ನಡೆದುಬಿಟ್ಟಳು.

ಹುಮನಾಬಾದಿನಲ್ಲಿ ನನ್ನದೊಂದು ಔಷಧದ ಅಂಗಡಿಯಿದೆ. ಮಧ್ಯಾಹ್ನದ ಊಟವಾದ ಮೇಲೆ ನಮ್ಮೂರಿನವರಿಗೆ ರೋಗ ಬರುವುದಿಲ್ಲ, ಬಂದರೂ ಮಲಗಿ ಎದ್ದ ಮೇಲೆ ಬರುತ್ತದೆ. ಆ ಖಾಲಿ ಹೊತ್ತಿನಲ್ಲಿ ನಾನು ಫೋನಿನಲ್ಲಿ ಹಳೇ ರೇಸು ಕಾರುಗಳನ್ನು ನೋಡುತ್ತ ಕೂರುತ್ತೇನೆ. ಈ ಹುಚ್ಚಿನವರದೇ ಒಂದು ಗುಂಪಿದೆ. ಯಾವ ಯಾವುದೋ ದೇಶದ ಮುದುಕರು ಮನೆಯ ಅಟ್ಟದಲ್ಲಿ ಸಿಕ್ಕ ಮಾಸಲು ಫೋಟೋ ಹಾಕಿ, ಇದು ಯಾವ ಕಾರು ಹೇಳಿ ನೋಡೋಣ ಎನ್ನುತ್ತಾರೆ. ಉಳಿದವರು ಗುದ್ದಾಡುತ್ತಾರೆ. ನನ್ನ ಇಂಗ್ಲಿಷು ಔಷಧದ ಡಬ್ಬಿಗಳ ಮೇಲಿನ ಇಂಗ್ಲಿಷು. ಹಾಗಾಗಿ ನನ್ನ ಉತ್ತರಗಳು ಚಿಕ್ಕವು, ಎಚ್ಚರಿಕೆ ತುಂಬಿದವು. ಆದರೆ ಬಹಳ ಸಲ ಸರಿಯಾಗಿರುತ್ತವೆ. ಕಾರುಗಳ ಹೆಸರುಗಳನ್ನು ನಾನಿಲ್ಲಿ ಬರೆಯುವುದಿಲ್ಲ. ಕನ್ನಡದಲ್ಲಿ ಬರೆದರೆ ಅವನ್ನು ಮಾಡಿದವರಿಗೂ ಗುರುತು ಸಿಗುವುದಿಲ್ಲ, ನಮಗೂ ಸಿಗುವುದಿಲ್ಲ.

ಗುಟ್ಟು ಇಷ್ಟೇ. ಹಳೇ ರೇಸು ಕಾರಿನ ಮೈಯನ್ನು ನಂಬಬಾರದು. ಅದು ಎಷ್ಟೋ ಸಲ ಉರುಳಿ ಬಿದ್ದಿರುತ್ತದೆ, ಹತ್ತು ಕೈ ದಾಟಿರುತ್ತದೆ, ಒಬ್ಬ ಮೂತಿ ಬದಲಿಸಿದರೆ ಇನ್ನೊಬ್ಬ ಬಾಲ ಕತ್ತರಿಸಿರುತ್ತಾನೆ. ಕೆಳಗಿನ ಸಸ್ಪೆನ್ಶನ್ ಮಾತ್ರ ಬಹುಮಟ್ಟಿಗೆ ಹುಟ್ಟಿದ ಹಾಗೇ ಇರುತ್ತದೆ. ಸಸ್ಪೆನ್ಶನ್ ಅಂದರೆ ಭಾರೀ ವಿದ್ಯೆಯೇನಲ್ಲ, ರಸ್ತೆಯ ಗುಂಡಿಗೂ ಕೂತವನ ಬೆನ್ನಿಗೂ ನಡುವೆ ನಿಂತು ರಾಜಿ ಮಾಡಿಸುವ ವ್ಯವಸ್ಥೆ. ನಮ್ಮ ಕಡೆಯ ಲಾರಿಗಳಲ್ಲಿ ಆ ಕೆಲಸ ಮಾಡುವುದು ಕಮಾನು, ಅಂದರೆ ಒಂದರ ಮೇಲೊಂದು ಪೇರಿಸಿದ ಬಾಗಿದ ಉಕ್ಕಿನ ಪಟ್ಟಿಗಳು. ಹಳೇ ರೇಸು ಕಾರಿನವರು ಮಾತ್ರ ಈ ರಾಜಿಗೆ ಹಿಡಿದ ದಾರಿಗಳು ಒಂದೇ ಎರಡೇ? ಒಂದು ಕಾರಿನಲ್ಲಿ ಚಕ್ರವು ಕಂಬವೊಂದರ ಮೇಲೆ ಒನಕೆಯಂತೆ ಮೇಲೆ ಕೆಳಗೆ ಆಡುತ್ತದೆ. ಇನ್ನೊಂದರಲ್ಲಿ ಒಂದೇ ಕಮಾನನ್ನು ಅಡ್ಡ ಮಲಗಿಸಿ ಅದರ ಎರಡು ತುದಿಗೆ ಎರಡು ಚಕ್ರ ಸಿಕ್ಕಿಸಿರುತ್ತಾರೆ, ಕಾವಡಿಗೆ ಕೊಡ ಕಟ್ಟಿದ ಹಾಗೆ. ಮತ್ತೊಂದರ ಹಿಂದಿನ ಚಕ್ರಗಳು ತಿರುವಿನಲ್ಲಿ ಮಡಚಿಕೊಂಡು, ಈಗಷ್ಟೇ ಹುಟ್ಟಿದ ಕುರಿಮರಿ ಎದ್ದು ನಿಲ್ಲಲು ಒದ್ದಾಡುವುದನ್ನು ನೆನಪಿಸುತ್ತವೆ. ಇಂಥವನ್ನು ಒಮ್ಮೆ ನೋಡಿದರೆ ಮುಖ ಮರೆತರೂ ಕಾಲು ಮರೆಯುವುದಿಲ್ಲ.

ಔಷಧದ ಅಂಗಡಿಯವನಿಗೆ ಕುರಿಮರಿಯ ಮಾತೇಕೆ ಬಂತು ಎಂದು ನೀವು ಕೇಳಬಹುದು. ನಾನು ಬಸವಕಲ್ಯಾಣದ ಮಗ್ಗುಲಿನ ನಾರಾಯಣಪುರದವನು, ಕುರಿ ಕಾಯುವ ಮನೆತನದವನು. ಈ ಇಣುಕುವ ಚಟ ಬಂದದ್ದೂ ಕುರಿಗಳಿಂದಲೇ. ಬೇಸಿಗೆಯಲ್ಲಿ ನಮ್ಮ ಹಿಂಡು ಸಸ್ತಾಪುರ ಬಂಗ್ಲಾದ ಹತ್ತಿರ ಹೆದ್ದಾರಿ ದಾಟಬೇಕಿತ್ತು. ಬಂಗ್ಲಾ ಅಂದರೆ ಲಾರಿಗಳ ಊರು. ಅಲ್ಲಿ ಲಾರಿ ಬಿಚ್ಚುವವರು, ಕೂಡಿಸುವವರು, ಬಣ್ಣ ಬಳಿಯುವವರು ಸಾಲಾಗಿ ಕೂತಿರುತ್ತಾರೆ. ಗಿಡದ ನೆರಳು ಕಡಿಮೆ, ಲಾರಿಯ ನೆರಳು ಬೇಕಾದಷ್ಟು. ನಮ್ಮ ಕುರಿಗಳು ನಿಂತ ಲಾರಿಗಳ ಕೆಳಗೆ ನುಗ್ಗಿ, ತಲೆ ತಗ್ಗಿಸಿ, ಬಿಸಿಲು ಇಳಿಯುವ ತನಕ ಅಲುಗಾಡುತ್ತಿರಲಿಲ್ಲ. ಅಷ್ಟರಲ್ಲಿ ಡ್ರೈವರು ಬಂದು ಇಂಜಿನ್ ಚಾಲೂ ಮಾಡಿದರೆ? ನಾನು ಸಣ್ಣವನೆಂದು ನನ್ನನ್ನೇ ಕೆಳಗೆ ಬಿಡುತ್ತಿದ್ದರು. ತೆವಳಿಕೊಂಡು ಹೋಗಿ ಕಾಲು ಹಿಡಿದು ಒಂದೊಂದನ್ನೇ ಎಳೆಯಬೇಕು. ಹೀಗೆ ಲೋಕದ ಮಕ್ಕಳೆಲ್ಲ ಲಾರಿಯನ್ನು ಮುಂದಿನಿಂದ ಕಂಡರೆ ನಾನು ಮಾತ್ರ ಹೊಟ್ಟೆಯ ಕಡೆಯಿಂದ ಕಂಡೆ. ತಲೆಗೆ ಹತ್ತಿದ ಗ್ರೀಸನ್ನು ಅಕ್ಕ ಸೀಗೆಕಾಯಿ ಹಾಕಿ ತಿಕ್ಕುತ್ತ ಬೈಯುತ್ತಿದ್ದಳು. ಆ ಗ್ರೀಸಿನ ವಾಸನೆ ನನಗೆ ಇವತ್ತಿಗೂ ಇಷ್ಟ.

ಆ ಅಕ್ಕನ ಹೆಸರು ಮಾಳಮ್ಮ. ನಾನು ಹುಟ್ಟುವ ಹೊತ್ತಿಗೆ ಅವಳು ಹಿಂಡಿನ ಹಿಂದೆ ನಡೆಯುವಷ್ಟು ದೊಡ್ಡವಳಾಗಿದ್ದಳು. ಮದುವೆಯಾದದ್ದು ಅದೇ ಊರಿನಲ್ಲಿ, ಕುರಿಗಳ ಸಂಗಡವೇ ಮುದುಕಿಯಾದಳು. ಹಿಂಡಿನಲ್ಲಿ ಅವಳದೊಂದು ಕೆಲಸವಿದೆ, ಅದು ಬೇರೆ ಯಾರ ಕೈಲೂ ಆಗುವಂಥದ್ದಲ್ಲ. ಕುರಿಗಳು ಈಯುವ ಕಾಲದಲ್ಲಿ ಚೊಚ್ಚಿಲ ಕುರಿಗಳು ಕೆಲವೊಮ್ಮೆ ತಮ್ಮ ಮರಿಯನ್ನೇ ಒಲ್ಲೆ ಎಂದು ಒದೆಯುತ್ತವೆ. ಅಕ್ಕ ಅದರ ಕಿವಿ ಹಿಡಿದು, ಗದರಿಸಿ, ಮೂತಿ ಸವರಿ, ಏನೇನೋ ಮಾತಾಡಿ ಅದನ್ನು ಒಪ್ಪಿಸುತ್ತಾಳೆ. ಅವಳ ಮಗ ಬೀರಣ್ಣ ಗಟ್ಟಿಮುಟ್ಟಾದವನು, ಹಿಂಡು ಮೇಯಿಸಬಲ್ಲ, ತೋಳ ಓಡಿಸಬಲ್ಲ. ಆದರೆ ಅವನು ಗದರಿಸಿದರೆ ಕುರಿಗಳು ಇನ್ನೂ ದೂರ ಓಡುತ್ತವೆ.

ಹೋದ ಮಳೆಗಾಲ ಮುಗಿಯುವ ಹೊತ್ತಿಗೆ ಹಿಂಡಿನ ಟಗರೊಂದು ಅಕ್ಕನನ್ನು ಹಿಂದಿನಿಂದ ಗುದ್ದಿತು. ನಾನು ಸುದ್ದಿ ಕೇಳಿ ಓಡಿಹೋದಾಗ ಅವಳು ಹೊರಸಿನ ಮೇಲೆ ಮಲಗಿ ಟಗರಿನ ಪರವಾಗಿಯೇ ವಾದಿಸುತ್ತಿದ್ದಳು. "ಅದಕ್ಕೇನು ಬೈಬ್ಯಾಡ್ರಿ. ನಾ ಅಂತ ಅದಕ್ಕ ಗೊತ್ತಿರಲಿಲ್ಲ" ಎಂದಳು. ಕಲ್ಯಾಣದ ಡಾಕ್ಟರು ಬೆನ್ನು ಪರೀಕ್ಷಿಸಿ, ಹಲವು ವಾರ ವಿಶ್ರಾಂತಿ ಕೊಟ್ಟು, ಕಡೆಗೆ ಹೇಳಿದ್ದು ಇಷ್ಟು: ಸಮ ನೆಲದ ಮೇಲೆ ದಿನಾ ಸ್ವಲ್ಪ ನಡೆಯಲಿ, ಒಳ್ಳೆಯದು, ಆದರೆ ದೂರ ನಡೆಯುವುದು ಬೇಡ, ಜರ್ಕು ಮಾತ್ರ ಸುತಾರಾಂ ಬೀಳಬಾರದು. ಬೈಕು ಇಲ್ಲ, ಟಂಟಂ ಆಟೋ ಇಲ್ಲ, ಟ್ರ್ಯಾಕ್ಟರಂತೂ ಕನಸಿನಲ್ಲೂ ಇಲ್ಲ.

ಹಿಂಡು ಆಗ ಹುಲಸೂರ ಕಡೆಯ ಹೊಲಗಳಲ್ಲಿತ್ತು. ರೈತರು ಗೊಬ್ಬರಕ್ಕೆಂದು ಕರೆದ ಕಡೆ ಹಟ್ಟಿ ಹಾಕುವುದು, ಎರಡು ಮೂರು ದಿನಕ್ಕೆ ಪಕ್ಕದ ಹೊಲಕ್ಕೆ ಬದಲಿಸುವುದು. ಅಲ್ಲಿಗೆಲ್ಲ ಇರುವುದು ಮುರುಮಿನ, ಅಂದರೆ ಗರಸು ಮಣ್ಣಿನ, ಗಾಡಿ ದಾರಿ, ಮೊಣಕಾಲು ಮುಳುಗುವ ಗುಂಡಿಗಳು. ಅಕ್ಕ ಹೋಗುವುದು ಹೇಗೆ? ಹೊರಸಿನ ಮೇಲೆ ಹೊತ್ತುಕೊಂಡು ಹೋಗುತ್ತೇವೆ ಎಂದು ಓಣಿಯ ಗಂಡಸರು ಮುಂದೆ ಬಂದರು. ಅಕ್ಕ ಕೆಂಡವಾದಳು.

"ನಾ ಇನ್ನ ಸತ್ತಿಲ್ಲ, ನಾಕ ಮಂದಿ ಹೆಗಲ ಮ್ಯಾಲ ಹೋಗಾಕ!"

ಬೀರಣ್ಣ ನನ್ನನ್ನು ಹೊರಗೆ ಕರೆದುಕೊಂಡು ಹೋಗಿ ನೆಲ ನೋಡುತ್ತ ಹೇಳಿದ: "ಮಾಮಾ, ಕುರಿ ಈಯೋ ಹೊತ್ತಿಗೆ ಅವ್ವ ಹಟ್ಟ್ಯಾಗ ಇರಲಿಲ್ಲಂದ್ರ ನನ್ನ ಕೈಲೆ ಆಗಂಗಿಲ್ರಿ. ಮರಿ ಸಾಯ್ತಾವ. ಹುಮನಾಬಾದ ಸಾವುಕಾರಗ ಹೇಳೀನಿ. ಅಮಾಸಿ ಆದ ಮ್ಯಾಲ ಬಂದು ಪೂರಾ ಹಿಂಡ ನೋಡಿ ಕೊಂಡ ಒಯ್ತೀನಿ ಅಂದಾನ."

ಅವನದು ತಪ್ಪು ಅನ್ನಲಾರೆ. ಮರಿ ಸಾಯುವುದನ್ನು ಕಂಡವನಿಗೇ ಅದರ ಸಂಕಟ ಗೊತ್ತು. ಒಳಗೆ ಬಂದು ನೋಡಿದರೆ ಅಕ್ಕನಿಗೆ ಎಲ್ಲ ಕೇಳಿಸಿತ್ತು. ಗೋಡೆಯ ಕಡೆ ತಿರುಗಿ ಮಲಗಿದ್ದಳು. ಗೋಡೆ ನೋಡುತ್ತಲೇ ಅಂದಳು: "ತಮ್ಮಾ, ಹಿಂಡ ಹೋದ್ರ ನಾ ಏನ್ ಮಾಡ್ಲಿ? ಈ ಗ್ವಾಡಿಗೆ ಮೇವು ಹಾಕ್ಲ್ಯಾ?"

ನನಗೆ ಅಳು ಬಂತು. ಅಳು ಬಂದಾಗ ನಾನು ಜಂಬ ಕೊಚ್ಚುತ್ತೇನೆ, ಅದು ನನ್ನ ಹುಟ್ಟುಗುಣ. "ಅಕ್ಕಾ, ಜರಾನೂ ಜರ್ಕ ಬೀಳಲಾರದ ಗಾಡಿ ನಾ ಮಾಡಿ ಕೊಡ್ತೀನಿ. ಸಸ್ಪೆನ್ಶನ್ ಅಂದ್ರ ಏನಂತ ದುನಿಯಾದ ಮಂದಿಗೆ ನಾ ಹೇಳ್ತೀನಿ, ನಿಂಗೊಂದು ಗಾಡಿ ಮಾಡಲಾರ್ನೇನು?" ಎಂದುಬಿಟ್ಟೆ.

"ನೀ ಗುಳಗಿ ಮಾರಾವ, ನೀ ಏನ್ ಗಾಡಿ ಮಾಡ್ತೀ" ಎಂದಳು ಅಕ್ಕ. ಆದರೆ ಗೋಡೆ ಬಿಟ್ಟು ನನ್ನ ಕಡೆ ತಿರುಗಿದಳು. ಅಷ್ಟು ಸಾಕಾಯಿತು.

ಮರುದಿನವೇ ಬಂಗ್ಲಾಕ್ಕೆ ಹೋದೆ. ಅಲ್ಲಿ ಗಫೂರನ ಕಮಾನಿನ ವರ್ಕ್‌ಶಾಪ್ ಇದೆ. ಕಲ್ಯಾಣದ ಹೈಸ್ಕೂಲಿನಲ್ಲಿ ನಾವಿಬ್ಬರೂ ಒಂದೇ ಬೆಂಚಿನವರು. ನಾನು ಫೋನಿನಲ್ಲಿ ನನ್ನ ಮೆಚ್ಚಿನ ರೇಸು ಕಾರಿನ ಫೋಟೋ ತೋರಿಸಿದೆ. ಅದೇ, ಅಡ್ಡ ಮಲಗಿದ ಒಂದೇ ಕಮಾನು, ಎರಡು ತುದಿಗೆ ಎರಡು ಚಕ್ರ. ಹಳೇ ಬೈಕಿನ ಚಕ್ರ ಹಾಕೋಣ, ಮೇಲೆ ಅಕ್ಕನ ಹೊರಸು ಕೂಡಿಸೋಣ, ಹಿಂಡಿನ ಸಾಮಾನು ಹೊರುವ ತಟ್ಟು ಕುದುರೆ ಮೋತಿ ಎಳೆಯಲಿ ಎಂದೆ. ಗಫೂರ ಗಡ್ಡ ತುರಿಸಿಕೊಂಡು ಒಪ್ಪಿದ. ಬಂಗ್ಲಾದವರ ಸ್ವಭಾವ ನಿಮಗೆ ಹೇಳಬೇಕು. ಅವರ ಕೈಯಲ್ಲಿ ಲಾರಿಯ ಸಾಮಾನು ಬಿಟ್ಟು ಬೇರೆ ಇಲ್ಲ, ಅವರ ತಲೆಯಲ್ಲಿ ಲಾರಿಗಿಂತ ಸಣ್ಣದೂ ಇಲ್ಲ. ತೊಟ್ಟಿಲು ಮಾಡಿಕೊಡು ಅಂದರೂ ಅದು ನಾಲ್ಕು ಟನ್ನು ತಡೆಯಬೇಕು. ಗಫೂರ ಒಳ್ಳೆಯದರಲ್ಲಿ ಒಳ್ಳೆಯದೆಂದು ಹತ್ತು ಗಾಲಿಯ ಲಾರಿಯ ಕಮಾನು ಆರಿಸಿ, ಪ್ರೀತಿಯಿಂದ ಬಡಿದು, ಹದ ಮಾಡಿ ಕೂಡಿಸಿದ. "ಮಜಬೂತ್ ಆಗ್ಯಾದ ನೋಡು ಸಿದ್ಯಾ. ನಿಮ್ಮ ಅಕ್ಕ ಹೋದ್ರೂ ಇದು ಹೋಗಂಗಿಲ್ಲ" ಎಂದ. ನಾನೂ ಹೌದು ಹೌದು ಎಂದೆ. ಜಗತ್ತಿನ ಕಮಾನುಗಳನ್ನೆಲ್ಲ ಗುರುತು ಹಿಡಿಯುವ ನನಗೆ ಆ ಹೊತ್ತಿನಲ್ಲಿ ಹೊಳೆಯಬೇಕಾದದ್ದು ಹೊಳೆಯಲಿಲ್ಲ.

ಪರೀಕ್ಷೆಗೆ ನಾನೇ ಕೂತೆ. ತೊಡೆಯ ಮೇಲೆ ಅಗಲ ಬಾಯಿಯ ಬೋಗಾಣಿ, ಅದರ ತುಂಬ ಮಜ್ಜಿಗೆ. ಮಜ್ಜಿಗೆ ತುಳುಕದಿದ್ದರೆ ಅಕ್ಕನ ಬೆನ್ನೂ ಉಳಿಯುತ್ತದೆ ಎಂಬುದು ನನ್ನ ಲೆಕ್ಕ. ಮೋತಿ ಒಂದು ಹೆಜ್ಜೆ, ಎರಡು ಹೆಜ್ಜೆ ಇಟ್ಟಿತು. ಮೊದಲ ಗುಂಡಿಯಲ್ಲಿ ಮಜ್ಜಿಗೆ ನನ್ನ ಎದೆಗೆ ಬಂತು. ಎರಡನೆಯದರಲ್ಲಿ ಮುಖಕ್ಕೆ. ಮೂರನೆಯದರಲ್ಲಿ ನಾನೂ ಬೋಗಾಣಿಯೂ ಬೇರೆ ಬೇರೆ ದಿಕ್ಕಿಗೆ ಹೋದೆವು. ಕಮಾನು ಮಾತ್ರ ಕೂದಲಿನಷ್ಟೂ ಬಾಗಿರಲಿಲ್ಲ. ಟನ್ನುಗಟ್ಟಲೆ ಸಿಮೆಂಟು ಹೊತ್ತ ಕಮಾನು ಅದು, ನನ್ನಂಥವನು ಮೇಲೆ ಕೂತದ್ದು ಅದಕ್ಕೆ ಗೊತ್ತೇ ಆಗಲಿಲ್ಲ.

ಗಫೂರ ಸೋಲೊಪ್ಪುವವನಲ್ಲ. ಪಕ್ಕದ ಗೋದಾಮಿನಿಂದ ತೊಗರಿಯ ಚೀಲಗಳನ್ನು ತರಿಸಿ ಹೊರಸಿನ ಸುತ್ತ ಪೇರಿಸಿದ. ಕಮಾನು ನಿಧಾನವಾಗಿ ಬಾಗಿತು. ಚೀಲಗಳ ಮೇಲೆ ನನ್ನನ್ನು ಕೂರಿಸಿ, ಮೋತಿಗೆ ನಾಲ್ಕು ಮಂದಿ ಕೈಗೂಡಿಸಿ ಎಳೆದರು. ಅಹಾ, ಬೆಣ್ಣೆ! ಬೋಗಾಣಿಯಲ್ಲಿ ಒಂದು ಅಲೆ ಏಳಲಿಲ್ಲ. ಮೋತಿ ಮಾತ್ರ ಹಿಂದೆ ತಿರುಗಿ ನನ್ನನ್ನು ನೋಡಿದ ನೋಟ ನಾನು ಸಾಯುವ ತನಕ ಮರೆಯುವುದಿಲ್ಲ. ಗಫೂರ ಕೈ ಒರೆಸಿಕೊಂಡು ತೀರ್ಪು ಕೊಟ್ಟ: "ಸಸ್ಪೆನ್ಶನ್ ಬರಾಬರ್ ಅದ. ಕುಂತವರ ವಜನ್ ಕಡಿಮಿ ಬಿದ್ದಾದ."

ಈ ಸುದ್ದಿ ನನಗಿಂತ ಮುಂಚೆ ನಾರಾಯಣಪುರ ಮುಟ್ಟಿತ್ತು. ಅಕ್ಕ ನಗಲೂ ಹೆದರುತ್ತ, ನಕ್ಕರೆ ಬೆನ್ನು ಹಿಡಿಯುತ್ತದಲ್ಲ, ಸೊಂಟದ ಮೇಲೆ ಕೈಯಿಟ್ಟುಕೊಂಡು ಕೇಳಿದಳು: "ಹಾಂಗಾದ್ರ ನಂಗ ಹತ್ತು ಚೀಲ ತೊಗರಿ ತಿನ್ನಸ್ತೀ ಏನ್ ತಮ್ಮಾ?" ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಹೊರಗೆ ಬಂದು ನೋಡಿದರೆ ಆಕಾಶದಲ್ಲಿ ಚಂದ್ರ ಸವೆಯುತ್ತ ಬಂದಿದ್ದ. ಅಮಾವಾಸ್ಯೆ ದೂರವಿರಲಿಲ್ಲ. ಹುಮನಾಬಾದಿನ ಬಸ್ಸು ಹತ್ತಿ ಕೂತಾಗ ಮನಸ್ಸು ಪೂರಾ ಕುಗ್ಗಿಹೋಗಿತ್ತು.

ಅಂಥ ಒಂದು ಮಧ್ಯಾಹ್ನ ಅಂಗಡಿಯಲ್ಲಿ ಸುಮ್ಮನೆ ಫೋನು ಉಜ್ಜುತ್ತಿದ್ದೆ. ಗುಂಪಿನಲ್ಲಿ ಯಾರೋ ಹೊಸ ಒಗಟು ಹಾಕಿದ್ದರು. ಪುಟ್ಟ ರೇಸು ಕಾರು, ಒಬ್ಬನೇ ಕೂರುವಂಥದ್ದು, ಹಿಂದುಗಡೆ ಬೈಕಿನ ಇಂಜಿನ್. ಹಿಂದಿನ ಚಕ್ರಗಳಿಗೆ ಕಮಾನಿಲ್ಲ, ಸುರುಳಿ ಸ್ಪ್ರಿಂಗಿಲ್ಲ, ಏನೂ ಇಲ್ಲ. ಸೀಟಿನ ಹಿಂದೆ ಕಪ್ಪು ಪಟ್ಟಿಗಳಂಥವು ಮಾತ್ರ ಬಿಗಿಯಾಗಿ ಕಾಣುತ್ತಿದ್ದವು. ಘಟಾನುಘಟಿಗಳು ವಾದಕ್ಕಿಳಿದಿದ್ದರು. ಸ್ಪ್ರಿಂಗು ಪೈಪಿನೊಳಗೆ ಅಡಗಿದೆ ಎಂದ ಒಬ್ಬ. ಸ್ಪ್ರಿಂಗು ಯಾರೋ ಬಿಚ್ಚಿಕೊಂಡು ಹೋಗಿದ್ದಾರೆ ಎಂದ ಇನ್ನೊಬ್ಬ. ಕಪ್ಪು ಪಟ್ಟಿಗಳು ಕಾರನ್ನು ಸಾಗಿಸುವಾಗ ಅಲುಗದಂತೆ ಬಿಗಿದ ಹಗ್ಗ ಎಂದು ಎಲ್ಲರೂ ಒಪ್ಪಿದ್ದರು.

ನಾನು ಆ ಪಟ್ಟಿಗಳನ್ನೇ ನೋಡುತ್ತ ಕೂತೆ. ಏಕೋ ಮೂಗಿಗೆ ಹಸಿ ಉಣ್ಣೆಯ ವಾಸನೆ ಬಂತು.

ಹಿಂಡು ಊರಿಂದೂರಿಗೆ ಹೋಗುವಾಗ ಆಗ ತಾನೆ ಹುಟ್ಟಿದ ಮರಿಗಳು ನಡೆಯಲಾರವು. ಅವನ್ನು ಕಂಬಳಿಯ ಜೋಳಿಗೆಯಲ್ಲಿ ಹಾಕಿ, ಜೋಳಿಗೆಯನ್ನು ಉದ್ದ ಬಡಿಗೆಗೆ ನೇತುಹಾಕಿ, ಬಡಿಗೆಯನ್ನು ಹೆಗಲ ಮೇಲಿಟ್ಟು ನಡೆಯುವುದು ನಮ್ಮವರ ಪದ್ಧತಿ. ನಾನು ನಡೆಯಲು ಕಲಿಯುವ ಮುಂಚೆ ನನ್ನನ್ನೂ ಅದೇ ಜೋಳಿಗೆಯಲ್ಲಿ ಹಾಕುತ್ತಿದ್ದರು, ಬೇರೆ ಜೋಳಿಗೆ ಯಾಕೆ ದಂಡ ಎಂದು. ಮರಿಗಳ ಬಿಸಿ ಹೊಟ್ಟೆ ಬೆನ್ನಿಗೆ ಒತ್ತುತ್ತಿತ್ತು ಎಂದು ನನಗೆ ನೆನಪಿದೆ, ಅಷ್ಟು ಸಣ್ಣ ವಯಸ್ಸಿನದು ನೆನಪಿರಲು ಸಾಧ್ಯವಿಲ್ಲ ಎಂದು ಸುವರ್ಣಾ ಅನ್ನುತ್ತಾಳೆ. ಬಡಿಗೆಯ ಕೆಳಗೆ ಇರುತ್ತಿದ್ದದ್ದು ಅಕ್ಕನ ಹೆಗಲು. ಅವಳು ಕಲ್ಲು ಮುಳ್ಳು ದಾಟುತ್ತಿದ್ದಳು, ಹಳ್ಳ ಇಳಿದು ಹತ್ತುತ್ತಿದ್ದಳು, ಜೋಳಿಗೆ ಮಾತ್ರ ತನ್ನ ಪಾಡಿಗೆ ತೂಗುತ್ತಿತ್ತು. ಒಂದು ಮರಿಗೂ ಪೆಟ್ಟಾದದ್ದಿಲ್ಲ. ಭಾರ ಯಾವುದರ ಮೇಲೂ ಕೂತಿರಲಿಲ್ಲ, ಮೇಲಿನಿಂದ ತೂಗುತ್ತಿತ್ತು, ಅಷ್ಟೇ.

ಎಲ್ಲರೂ ಆ ಕಾರಿನ ಭಾರ ಯಾವುದರ ಮೇಲೆ ನಿಂತಿದೆ ಎಂದು ಹುಡುಕುತ್ತಿದ್ದರು. ಅದು ನಿಂತೇ ಇರಲಿಲ್ಲ. ಆ ಕಪ್ಪು ಪಟ್ಟಿಗಳು ರಬ್ಬರು. ಚಕ್ರವೊಂದು ನಡುವೆ ಕೀಲಿರುವ ಕಬ್ಬಿಣದ ತೋಳಿನ ತುದಿಗಿದೆ. ಚಕ್ರ ಮೇಲೆದ್ದರೆ ತಕ್ಕಡಿಯ ಹಾಗೆ ತೋಳಿನ ಇನ್ನೊಂದು ತುದಿ ಕೆಳಗಿಳಿದು ರಬ್ಬರನ್ನು ಎಳೆಯುತ್ತದೆ, ರಬ್ಬರು ಮೆಲ್ಲಗೆ ಹಿಂದಕ್ಕೆ ಎಳೆದುಕೊಳ್ಳುತ್ತದೆ. ನಾನು ನನ್ನ ಡಬ್ಬಿ ಇಂಗ್ಲಿಷಿನಲ್ಲಿ ಬರೆದೆ: ಇದು ಕಟ್ಟಿದ್ದಲ್ಲ, ತೂಗುಹಾಕಿದ್ದು. ಕೆಮ್ಮಿನ ಔಷಧಕ್ಕೆ ಬಂದ ಗಿರಾಕಿಯೊಬ್ಬರು ಕೆಮ್ಮುತ್ತ ನಿಂತೇ ಇದ್ದರು. ಅವರಿಗೆ ಬಾಟಲಿ ಕೊಟ್ಟವನೇ ಶಟರ್ ಎಳೆದು ಬಂಗ್ಲಾದ ದಾರಿ ಹಿಡಿದೆ.

ಗಫೂರ ಮೊದಲು ನಂಬಲಿಲ್ಲ. "ಅರೆ ಯಾರ್, ಟ್ಯೂಬಿನ ರಬ್ಬರ್ ಅಂದ್ರ ಸೈಕಲ್ ಹಿಂದ ಹುಲ್ಲ ಕಟ್ಟಾಕ. ಅದರ ಮ್ಯಾಲ ಗಾಡಿ ನಿಲ್ಲಸ್ತೀ? ಮಂದಿ ನನ್ನ ದುಕಾನ್ ಮುಂದ ನಿಂತು ನಗ್ತಾರ."

"ನಿಲ್ಲಸಂಗಿಲ್ಲ ಗಫೂರ್, ತೂಗ ಹಾಕ್ತೀನಿ."

"ಎಲ್ಲ್ಯಾರ ಮಾಡ್ಯಾರ ಇಂಥಾದು?"

ಫೋಟೋ ತೋರಿಸಿದೆ. ಆ ಹೊತ್ತಿಗೆ ಸರಿಯಾಗಿ ಗುಂಪಿನಲ್ಲಿ ಒಬ್ಬ ವೃದ್ಧರು ಉತ್ತರ ಬರೆದಿದ್ದರು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಇಂಗ್ಲೆಂಡಿನಲ್ಲಿ ಇಂಥ ಪುಟ್ಟ ಕಾರು ಮಾಡುತ್ತಿದ್ದರಂತೆ, ಅವರ ತಂದೆಯೇ ಒಂದನ್ನು ಓಡಿಸಿದ್ದರಂತೆ, ಹುಮನಾಬಾದಿನ ಗೆಳೆಯರು ಹೇಳಿದ್ದೇ ಸರಿಯಂತೆ. ನಾನು ಅದನ್ನು ಗಫೂರನಿಗೆ ಎರಡು ಸಲ ಓದಿ ಹೇಳಿದೆ. ಇಂಗ್ಲೆಂಡಿನವರೇ ಮಾಡಿದ್ದಾರೆ ಅಂದ ಮೇಲೆ ನಗುವವರು ನಗಲಿ ಎಂದು ಗಫೂರ ಲಾರಿಯ ಹಳೇ ಟ್ಯೂಬು ಕತ್ತರಿಸಲು ಕೂತ.

ಕಮಾನು ಕಿತ್ತುಹಾಕಿ, ಚಕ್ರಗಳನ್ನು ಕಬ್ಬಿಣದ ತೋಳುಗಳಿಗೆ ಸಿಕ್ಕಿಸಿ, ಹೊರಸಿನ ಭಾರವೆಲ್ಲ ಟ್ಯೂಬಿನ ಪಟ್ಟಿಗಳಿಂದ ತೂಗುವ ಹಾಗೆ ಕಟ್ಟಿದೆವು. ಈ ಸಲ ನಾವು ಜಾಣರಾಗಿದ್ದೆವು. ಪರೀಕ್ಷೆಗೆ ಅಕ್ಕನ ತೂಕದವರೇ ಬೇಕು, ಚೀಲದಾಟ ನಡೆಯದು. ಸುವರ್ಣಾಳನ್ನು ಹುಮನಾಬಾದಿನಿಂದ ಕರೆಸಿದೆ. ರೇಷ್ಮೆ ಅಂಚಿನ ಸೀರೆಯುಟ್ಟು, ಎಲ್ಲಿಗೋ ಊಟಕ್ಕೆ ಕರೆದಿದ್ದೇನೆಂದು ತಿಳಿದು ಬಂದವಳನ್ನು ಹೊರಸಿನ ಮೇಲೆ ಕೂರಿಸಿ ಕೈಗೆ ಮಜ್ಜಿಗೆಯ ಬೋಗಾಣಿ ಕೊಟ್ಟೆ. ಮೊದಲು ಸ್ವಲ್ಪ ಬಿಗಿಯಾಯಿತು. ಗಫೂರ ಒಂದೊಂದೇ ರಬ್ಬರು ಬಿಚ್ಚುತ್ತ ಹೋದ, ಮೋತಿ ಬಂಗ್ಲಾದ ಗುಂಡಿಗಳಲ್ಲಿ ಹಿಂದೆ ಮುಂದೆ ನಡೆಯಿತು, ಚಹಾದಂಗಡಿಯವರೆಲ್ಲ ಗ್ಲಾಸು ಹಿಡಿದು ಎದ್ದು ನಿಂತರು. ಒಂದು ಹದಕ್ಕೆ ಬಂದಾಗ ಚಕ್ರಗಳು ಹುಚ್ಚೆದ್ದು ಕುಣಿಯುತ್ತಿದ್ದರೂ ಮೇಲಿನ ಹೊರಸು ಮೆಲ್ಲಗೆ ತೂಗುತ್ತಿತ್ತು. ಸುವರ್ಣಾ ಬೋಗಾಣಿಯ ಮಜ್ಜಿಗೆಯನ್ನು ತಾನೇ ಒಂದು ಗುಟುಕು ಕುಡಿದು ಹೇಳಿದಳು: "ಮದಿವಿ ಆದಾಗಿಂದ ಹಿಂಗ ಮೆತ್ತಗ ಎಲ್ಲ್ಯೂ ಕುಂದ್ರಿಸಿಲ್ಲ ನೀವು." ಗುಂಪಿನವರು ಕೊಟ್ಟ ಶಭಾಷ್‌ಗಿರಿಗಿಂತ ನನಗೆ ಇದೇ ದೊಡ್ಡದೆನಿಸಿತು, ಬೈಗುಳವೂ ಅದರಲ್ಲಿ ಅರ್ಧ ಇತ್ತು ಬಿಡಿ.

ಅಮಾವಾಸ್ಯೆಯ ಮರುದಿನ ಬೆಳಿಗ್ಗೆ ಅಕ್ಕನನ್ನು ಕೂರಿಸಿಕೊಂಡು ಹೊರಟೆವು. ಹೊರಡುವ ಮುಂಚೆ ಅವಳು ಗಾಡಿಯ ಬಗ್ಗೆ ಆಡದ ಮಾತಿಲ್ಲ. ಬಣ್ಣ ಸರಿಯಿಲ್ಲ, ಚಕ್ರ ಕಿರ್ರೆನ್ನುತ್ತದೆ, ಟ್ಯೂಬಿನ ವಾಸನೆ ಬರುತ್ತದೆ, ಇದನ್ನು ನೋಡಿದರೆ ಕುರಿ ಹೆದರುತ್ತವೆ. ಡಾಂಬರು ಮುಗಿದು ಮುರುಮಿನ ದಾರಿ ಶುರುವಾದ ಮೇಲೆ ಮಾತು ನಿಂತಿತು. ಬೀರಣ್ಣ ಹಟ್ಟಿಯಲ್ಲಿ ಸಾವುಕಾರನಿಗೆ ಕಾಯುತ್ತಿದ್ದ. ನಾನು ಮೋತಿಯ ಹಗ್ಗ ಹಿಡಿದು, ಅಕ್ಕನ ಮುಖ ನೋಡಲು ಧೈರ್ಯವಿಲ್ಲದೆ ಚಕ್ರಗಳನ್ನೇ ನೋಡುತ್ತ ನಡೆದೆ. ಒಂದು ದೊಡ್ಡ ಗುಂಡಿ ಬಂತು. "ಹ್ಯಾಂಗ ಅದ ಅಕ್ಕಾ?" ಎಂದೆ. ಉತ್ತರವಿಲ್ಲ. ಹಳ್ಳದ ಕಲ್ಲು ದಾಟಿದೆವು. "ಅಕ್ಕಾ, ತಕ್ಲೀಫ್ ಆಗಾಕತ್ತದೇನು?" ಮಾತೇ ಇಲ್ಲ. ನೋವು ತಿನ್ನುತ್ತ ತುಟಿ ಕಚ್ಚಿ ಕೂತಿದ್ದಾಳೆ ಎಂದುಕೊಂಡೆ. ಮೋತಿಯನ್ನು ನಿಲ್ಲಿಸಿ ಹಿಂದೆ ಬಂದು ನೋಡಿದೆ.

ಅಕ್ಕ ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಿದ್ದಳು. ಕಣ್ಣು ಒರೆಸಿಕೊಂಡು ಮತ್ತೆ ಹಗ್ಗ ಹಿಡಿದೆ.

ಹಟ್ಟಿ ಹತ್ತಿರ ಬಂದಾಗ ಅವಳನ್ನು ಎಬ್ಬಿಸಿದ್ದು ನಾನಲ್ಲ, ಕುರಿಯ ದನಿ. ಬೀರಣ್ಣನ ಕೈಯಲ್ಲೊಂದು ಒದ್ದೆ ಮರಿ, ಎದುರಿಗೆ ಅದನ್ನು ಒಲ್ಲೆ ಎನ್ನುವ ತಾಯಿ. ಪಕ್ಕದಲ್ಲಿ ಬಿಳೀ ಬಟ್ಟೆಯ ಸಾವುಕಾರ. ಅಕ್ಕ ಹೊರಸಿನ ಮೇಲಿಂದಲೇ ಗುಡುಗಿದಳು: "ಏ ಬೀರ್ಯಾ, ಅದರ ಮಾರಿ ಏನ್ ನೋಡ್ತೀ, ತಗೊಂಬಾ ಇಲ್ಲಿ ಎರಡೂ!" ಬೀರಣ್ಣ ತಾಯಿಯನ್ನೂ ಮರಿಯನ್ನೂ ತಂದು ನಿಲ್ಲಿಸಿದ. ಅಕ್ಕ ಆ ಕುರಿಯ ಕಿವಿ ಹಿಡಿದು ಅದರೊಂದಿಗೆ ಏನು ಮಾತಾಡಿದಳೋ, ಬೈದಳೋ, ನನಗೆ ಅರ್ಧವೂ ತಿಳಿಯಲಿಲ್ಲ. ಸ್ವಲ್ಪ ಹೊತ್ತಿಗೆ ಮರಿ ಬಾಲ ಅಲ್ಲಾಡಿಸುತ್ತ ಹಾಲು ಕುಡಿಯುತ್ತಿತ್ತು.

ಬೀರಣ್ಣ ಸಾವುಕಾರನ ಕಡೆ ತಿರುಗಿ ಕೈ ಮುಗಿದ. "ಈ ಸರ್ತಿ ಇಲ್ರಿ ಸಾವುಕಾರ್ರ. ತಪ್ಪ ತಿಳೀಬ್ಯಾಡ್ರಿ."

ಸಾವುಕಾರ ಬೇಸರ ಮಾಡಿಕೊಳ್ಳಲಿಲ್ಲ, ಪುಣ್ಯಾತ್ಮ. ಅವನ ಗಮನವೇ ಬೇರೆ ಕಡೆ ಇತ್ತು. ಧೋತರ ಎತ್ತಿಕೊಂಡು, ಸೊಂಟ ಬಗ್ಗಿಸಿ, ನಮ್ಮ ಗಾಡಿಯ ಕೆಳಗೆ ಇಣುಕುತ್ತಿದ್ದ.

ಕೆಲವು ದಿನ ಕಳೆದು, ಗುಂಪಿಗೆ ಹಾಕಲು ಗಾಡಿಯ ಒಳ್ಳೇ ಫೋಟೋ ತೆಗೆಯಬೇಕೆಂದು ಮತ್ತೆ ಹೋದೆ. ಹಿಂಡು ಪಕ್ಕದ ಹೊಲಕ್ಕೆ ಬದಲಾಗುತ್ತಿತ್ತು. ಮೋತಿ ಗಾಡಿ ಎಳೆಯುತ್ತಿತ್ತು. ಹೊರಸಿನ ತುಂಬ ಹೊಸ ಮರಿಗಳು ಒಂದರ ಮೇಲೊಂದು ಬಿದ್ದು ಮಲಗಿದ್ದವು. ಅಕ್ಕ ಗಾಡಿಯ ಮೇಲೆ ಕೈಯಿಟ್ಟುಕೊಂಡು ಪಕ್ಕದಲ್ಲಿ ಮೆಲ್ಲಗೆ ನಡೆಯುತ್ತಿದ್ದಳು.

ನನಗೆ ಸಿಟ್ಟೇ ಬಂತು. "ಅಕ್ಕಾ, ಇದು ನಿಂಗಂತ ಮಾಡಿದ್ದು! ಮರಿಗೋಳಿಗಲ್ಲ!"

"ಇಲ್ಲಿ ಸಪಾಟ ಅದ, ಜರಾ ನಡೀತೀನಿ. ಡಾಕ್ಟ್ರೇ ಹೇಳ್ಯಾರ. ಗುಂಡಿ ಬಂದ್ರ ಏರ್ತೀನಿ" ಎಂದಳು. ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಬಿಸಿಲಲ್ಲಿ ಬಸ್ಸಿಳಿದು ನಡೆದು ಬಂದ ನಾನು ಏದುಸಿರು ಬಿಡುತ್ತಿದ್ದೆ. "ನೀ ಏರು. ಮಾರಿ ನೋಡು ಹ್ಯಾಂಗ ಬಾಡ್ಯಾದ."

"ನಾನಾ? ಮಂದಿ ನಗ್ತಾರ ಅಕ್ಕಾ."

"ನಗ್ಲಿ. ಮರಿ ಜತಿ ಮಲಗೋದು ನಿಂಗೇನು ಹೊಸಾದಾ?"

ಮರಿಗಳನ್ನು ಅತ್ತಿತ್ತ ಸರಿಸಿ ಜಾಗ ಮಾಡಿ ಕೊಟ್ಟಳು. ಏರಿ ಮಲಗಿದೆ. ಒಂದು ಮರಿ ಬಂದು ಬೆನ್ನಿಗೆ ಒತ್ತಿಕೊಂಡಿತು. ಅದರ ಹೊಟ್ಟೆ ಬಿಸಿಯಾಗಿತ್ತು. ಮೋತಿ ನಡೆಯಿತು, ಹೊರಸು ತೂಗತೊಡಗಿತು, ಪಕ್ಕದಲ್ಲಿ ಅಕ್ಕನ ಹೆಜ್ಜೆಯ ಸಪ್ಪಳ ಕೇಳುತ್ತಿತ್ತು. ಕೈಯಲ್ಲಿ ಫೋನು ಹಾಗೇ ಇತ್ತು. ಕೆಳಗೆ ಚಕ್ರಗಳು ಕಲ್ಲು ಹತ್ತಿ ಇಳಿಯುವುದು, ರಬ್ಬರು ಹಿಗ್ಗಿ ಕುಗ್ಗುವುದು ಕಿವಿಗೆ ಬೀಳುತ್ತಿತ್ತು. ಹೇಗೆ ಕೆಲಸ ಮಾಡುತ್ತಿದೆ ಎಂದು ಬಗ್ಗಿ ಇಣುಕಬಹುದಿತ್ತು. ಇಣುಕಬೇಕೆಂದು ಅನಿಸಲೇ ಇಲ್ಲ.